ನೂಲಿಗೆ ಮಡಿ, ಗಾಳಿಗೆ ಮೈಲಿಗೆ

ಬೆಂಗಳೂರಿನ ಯಾವ ಮಾಲ್‌ಗಾದರೂ ಹೋಗಿ ಕಾಲುಚೀಲದ ಕಪಾಟಿನ ಮುಂದೆ ನಿಂತುಕೊಳ್ಳಿ, ಕಾಡು ಸುತ್ತಿ ಬಂದಷ್ಟೇ ಪುಣ್ಯ. ರಟ್ಟಿನ ಪೆಟ್ಟಿಗೆಯ ಮೇಲೆ ಬಿದಿರಮೆಳೆ, ಎಲೆಯ ತುದಿಯಲ್ಲಿ ಇಬ್ಬನಿ, ಪಕ್ಕದಲ್ಲಿ ಒಂದು ಪಾಂಡಾ. ಕೆಳಗೆ ‘ನೂರಕ್ಕೆ ನೂರು ಬಿದಿರು, ಪ್ರಕೃತಿಯ ಕೊಡುಗೆ’ ಎಂಬರ್ಥದ ಇಂಗ್ಲಿಷ್ ವಾಕ್ಯ. ಬೆಲೆ ಮುನ್ನೂರೋ ನಾನೂರೋ. ಕೊಂಡವರು ಕಾಲಿಗೆ ಹಾಕಿಕೊಂಡು, ಭೂಮಿತಾಯಿಯ ಋಣ ಅಷ್ಟಕ್ಕಷ್ಟು ತೀರಿತು ಎಂದು ಹಗುರಾಗುತ್ತಾರೆ.

ನಮ್ಮ ಮೇದರು ತಲೆತಲಾಂತರದಿಂದ ಬಿದಿರಿನ ಜೊತೆಯಲ್ಲೇ ಬದುಕಿದವರು. ಮೊರ, ಬುಟ್ಟಿ, ತಟ್ಟಿ, ಏಣಿ, ಕಡೆಗೆ ಚಟ್ಟಕ್ಕೂ ಅವರ ಕೈಯ ಬಿದಿರೇ ಬೇಕು. ಅವರ ಹತ್ತಿರ ಹೋಗಿ ‘ಮೆತ್ತಗಿರೋ ಒಂದು ಬನಿಯನ್ ಹೆಣೆದುಕೊಡಪ್ಪಾ’ ಎಂದು ಕೇಳಿ ನೋಡಿ. ನಿಮ್ಮನ್ನು ಮನೆಗೆ ತಲುಪಿಸುವ ವ್ಯವಸ್ಥೆ ಮೊದಲು ಮಾಡಿಯಾರು. ಬಿದಿರು ತಾನಾಗಿ ಬನಿಯನ್ ಆಗುವುದಿಲ್ಲ. ಅದನ್ನು ಬನಿಯನ್ ಮಾಡುವವನು ಬೇರೆ ಇದ್ದಾನೆ. ಅವನ ಚಿತ್ರ ಪೆಟ್ಟಿಗೆಯ ಮೇಲಿಲ್ಲ, ಏಕೆಂದರೆ ಅವನಿಗೆ ಬಣ್ಣವಿಲ್ಲ, ಮತ್ತು ಪಾಂಡಾ ಪಕ್ಕದಲ್ಲಿ ನಿಲ್ಲಿಸುವಂಥ ಹೆಸರೂ ಅಲ್ಲ: ಕಾರ್ಬನ್ ಡೈಸಲ್ಫೈಡ್.

ಕಥೆ ಹೀಗಿದೆ. ಬಿದಿರಾಗಲಿ ನೀಲಗಿರಿಯಾಗಲಿ, ಮೊದಲು ಬೇಯಿಸಿ ತಿರುಳು ಮಾಡುತ್ತಾರೆ. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ, ಕೆಲವು ಗಂಟೆ ಮಾಗಲು ಬಿಡುತ್ತಾರೆ. ಆಮೇಲೆ ಮುಚ್ಚಿದ ಪಾತ್ರೆಯಲ್ಲಿ ಕಾರ್ಬನ್ ಡೈಸಲ್ಫೈಡ್ ಬಿಡುತ್ತಾರೆ, 100 ಕೆಜಿ ಸೆಲ್ಯುಲೋಸ್‌ಗೆ ಹೆಚ್ಚುಕಡಿಮೆ 30 ಕೆಜಿ. ಯಾವುದಕ್ಕೂ ಕರಗದೆ ಬೀಗುತ್ತಿದ್ದ ಮರದ ನಾರು ಆಗ ಕಿತ್ತಳೆ ಬಣ್ಣಕ್ಕೆ ತಿರುಗಿ, ತೆಳು ಕಾಸ್ಟಿಕ್‌ನಲ್ಲಿ ಕರಗಿ, ಜೋನಿಬೆಲ್ಲದ ಹದಕ್ಕೆ ಬರುತ್ತದೆ. ಇದೇ ವಿಸ್ಕೋಸ್. 1892ರಲ್ಲಿ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಇಂಗ್ಲಿಷರು ಇದಕ್ಕೆ ಪೇಟೆಂಟ್ ಪಡೆದರು. ಆ ಪಾಕವನ್ನು ಕೂದಲೆಳೆಗಿಂತ ಸಣ್ಣ ತೂತುಗಳಿರುವ ಲೋಹದ ಬಿಲ್ಲೆಯ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತಿದರೆ ಎಳೆ ಎಳೆಯಾಗಿ ಗಟ್ಟಿಯಾಗುತ್ತದೆ. ಕರಗಿಸಿದ್ದ ಕಾರ್ಬನ್ ಡೈಸಲ್ಫೈಡ್‌ನ ಕೆಲಸ ಅಲ್ಲಿಗೆ ಮುಗಿಯಿತು. (ಅದು ನಿಜವಾದ ದ್ರಾವಕವಲ್ಲ, ಸೆಲ್ಯುಲೋಸ್ ಜೊತೆ ತಾತ್ಕಾಲಿಕವಾಗಿ ಸಂಯೋಗ ಹೊಂದುವ ರಾಸಾಯನಿಕ ಎಂದು ಕೆಮಿಸ್ಟ್ರಿ ಮೇಷ್ಟ್ರು ತಕರಾರು ತೆಗೆದಾರು. ಅವರು ಹೇಳುವುದು ಸರಿ. ಮೂಗಿಗೆ ಮಾತ್ರ ಆ ಸೂಕ್ಷ್ಮ ತಿಳಿಯುವುದಿಲ್ಲ.)

ಈಗ ಶುರುವಾಗುತ್ತದೆ ನೂಲಿನ ಮಡಿ.

ನಮ್ಮ ಅಜ್ಜಿಯರ ಮಡಿ ಇದರ ಮುಂದೆ ಏನೇನೂ ಅಲ್ಲ. ಆಮ್ಲದ ತೊಟ್ಟಿಯಿಂದ ಎದ್ದ ಲಕ್ಷಾಂತರ ಎಳೆಗಳನ್ನು ಹಗ್ಗದಂತೆ ಒಟ್ಟುಗೂಡಿಸಿ, ಹಿಗ್ಗಿಸಿ, ತುಂಡು ತುಂಡಾಗಿ ಕತ್ತರಿಸುತ್ತಾರೆ. ತುಂಡುಗಳು ಬೀಳುವುದೇ ಕುದಿಯುವ ಬಿಸಿಯ ನೀರಿಗೆ. ಕಾರ್ಬನ್ ಡೈಸಲ್ಫೈಡ್ ಕುದಿಯಲು 46 ಡಿಗ್ರಿ ಸೆಲ್ಸಿಯಸ್ ಸಾಕು. ಆದ್ದರಿಂದ ನೂಲಿನೊಳಗೆ ಅಡಗಿ ಕೂತದ್ದು ಅಲ್ಲೇ ಆವಿಯಾಗಿ ಎದ್ದು ಹೋಗುತ್ತದೆ. ಮುಂದಕ್ಕೆ ಸಾಗುವ ಪಟ್ಟಿಯ ಮೇಲೆ ನೂಲು ಚಾಪೆಯ ಹಾಗೆ ಹಾಸಿಕೊಂಡು, ಒಂದಾದ ಮೇಲೊಂದು ಸ್ನಾನಕ್ಕೆ ಹೋಗುತ್ತದೆ. ಆಮ್ಲ ಕಳೆಯಲು ಒಂದು, ಅಂಟಿದ ಗಂಧಕ ಕಳೆಯಲು ಒಂದು, ಬಿಳುಪಿಗೆ ಒಂದು, ನಡುನಡುವೆ ನೀರು, ಪ್ರತಿ ಸ್ನಾನದ ನಂತರ ರೋಲರುಗಳ ನಡುವೆ ಹಿಂಡುವುದು, ಕೊನೆಯಲ್ಲಿ ನುಣುಪಿಗೆ ಒಂದಿಷ್ಟು ಎಣ್ಣೆ. ಬಿಸಿಗಾಳಿಯಲ್ಲಿ ಒಣಗಿ, ಹಿಂಜಿಸಿಕೊಂಡು, ಬೇಲ್ ಆಗಿ ಹೊರಬರುವ ಹೊತ್ತಿಗೆ ನೂಲಿನಲ್ಲಿ ಗಂಧಕದ ಸುಳಿವೂ ಇರುವುದಿಲ್ಲ. ಶಿಶುವಿನ ಲಂಗೋಟಿಗೂ ಹೊಲಿಯಬಹುದು, ಆರ್ಟ್ ಸಿಲ್ಕ್ ಎಂಬ ಹೆಸರಲ್ಲಿ ಪೂಜೆಯ ಪಂಚೆಗೂ ನೇಯಬಹುದು. ಹಾಗೆ ನೇಯ್ದಿದ್ದನ್ನು ಉಟ್ಟು ಮಡಿಯಲ್ಲಿ ದೇವರ ಮುಂದೆ ಕೂತವರಿಗೂ ಲೆಕ್ಕವಿಲ್ಲ.

ಮಡಿಯ ನಿಯಮ ಎಲ್ಲರಿಗೂ ಗೊತ್ತಲ್ಲ? ಮೈಲಿಗೆ ಎಂಬುದು ನಾಶವಾಗುವುದಿಲ್ಲ, ಯಾರಿಗೋ ದಾಟುತ್ತದೆ. ತೊಳೆಸಿಕೊಂಡವರು ಮಡಿಯಾದರೆ ತೊಳೆದವರು ಮೈಲಿಗೆ. ಕಾರ್ಖಾನೆಯವರು ಈ ಶಾಸ್ತ್ರವನ್ನು ಯಾವ ಗುರುಕುಲದಲ್ಲಿ ಕಲಿತರೋ ತಿಳಿಯದು, ಆಚರಣೆ ಮಾತ್ರ ಅಚ್ಚುಕಟ್ಟು. ನೂಲಿನಿಂದ ಎದ್ದ ಆವಿಯಲ್ಲಿ ಒಂದು ಪಾಲು ತಣ್ಣಗಾಗಿ ದ್ರವವಾಗಿ ವಾಪಸ್ ಸಿಗುತ್ತದೆ. ಅದು ನೀರಿಗಿಂತ ಭಾರ, ನೀರಿನಲ್ಲಿ ಬೆರೆಯದು, ಬಿಸಿ ಹಬೆಯ ಕೊಳವೆ ತಗುಲಿದರೂ ಹೊತ್ತಿಕೊಳ್ಳುವಂಥದ್ದು. ಹಾಗಾಗಿ ಅದನ್ನು ನೀರಿನಡಿ ಜೋಪಾನವಾಗಿ ಮಲಗಿಸಿಡುತ್ತಾರೆ. ಇನ್ನೊಂದು ಪಾಲು ನೂಲುವ ಯಂತ್ರದ ಬಳಿಯಲ್ಲೇ ತಪ್ಪಿಸಿಕೊಂಡು, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ, ಯಂತ್ರದ ಕಿಟಕಿ ಎತ್ತಿ ಕಡಿದ ಎಳೆಗೆ ಗಂಟು ಹಾಕುತ್ತಿರುವವನ ಮೂಗಿಗೆ ಹೋಗುತ್ತದೆ. ನೂಲು ಶುದ್ಧವಾಯಿತು.

ಈ ಮೈಲಿಗೆ ಏನು ಮಾಡುತ್ತದೆ ಎಂಬುದು ವಿಸ್ಕೋಸ್ ಶುರುವಾದಾಗ ಯಾರಿಗೂ ಗೊತ್ತಿರಲಿಲ್ಲ ಎಂಬ ವಾದವೊಂದಿದೆ. ಪಾಪ, ಗೊತ್ತಿರಲಿಲ್ಲವಂತೆ. ವಿಸ್ಕೋಸ್ ಹುಟ್ಟುವುದಕ್ಕೆ 36 ವರ್ಷ ಮೊದಲು, 1856ರಲ್ಲೇ, ಪ್ಯಾರಿಸ್ಸಿನ ವೈದ್ಯ ಡೆಲ್ಪೆಶ್ ಇದನ್ನು ಬರೆದಿಟ್ಟಿದ್ದ. ಆಗ ಕಾರ್ಬನ್ ಡೈಸಲ್ಫೈಡ್ ಬಳಸುತ್ತಿದ್ದುದು ರಬ್ಬರ್ ಹದ ಮಾಡಲು. ಕಾರ್ಮಿಕರಿಗೆ ತಲೆನೋವು, ಮರೆವು, ಕೈಕಾಲಿನ ಶಕ್ತಿ ಹೋಗುವುದು, ಉನ್ಮಾದ. 1863ರಲ್ಲಿ ಮತ್ತೆ ವಿವರವಾಗಿ ಬರೆದ. ಬಲೂನು ಮತ್ತು ಕಾಂಡೋಮ್ ತಯಾರಿಸುತ್ತಿದ್ದ ಗಂಡಸರಲ್ಲಿ ಮೊದಲು ಕಾಮ ಕೆರಳಿ, ನಂತರ ಸಂಪೂರ್ಣ ಬತ್ತಿಹೋಗುತ್ತಿತ್ತು. ಊರಿಗೆಲ್ಲ ಸಂತಾನ ನಿಯಂತ್ರಣದ ಸಾಧನ ಮಾಡಿಕೊಟ್ಟವರಿಗೆ ಸ್ವಂತಕ್ಕೆ ಅದರ ಅಗತ್ಯವೇ ಉಳಿಯದಂತೆ ಕಂಪನಿ ನೋಡಿಕೊಂಡಿತ್ತು. ಇಂಥ ಉದ್ಯೋಗಿ ಕಲ್ಯಾಣ ಯೋಜನೆ ಇನ್ನೆಲ್ಲಿದೆ!

ಮುಂದೆ ಇಂಗ್ಲೆಂಡಿನ ಥಾಮಸ್ ಆಲಿವರ್ ಎಂಬ ವೈದ್ಯ ದಾಖಲಿಸಿದ್ದು ಇನ್ನೂ ರಸವತ್ತಾಗಿದೆ. ರಬ್ಬರ್ ಕಾರ್ಖಾನೆಯಲ್ಲಿ ಈ ಆವಿ ಕುಡಿದು ಹುಚ್ಚು ಹಿಡಿದವರು ಕಿಟಕಿಯಿಂದ ಹಾರಿಬಿಡುವ ಅಪಾಯವಿತ್ತು. ಮಾಲೀಕರು ಕ್ರಮ ಕೈಗೊಂಡರು. ಗಾಳಿ ಹೊರಹಾಕುವ ಯಂತ್ರ ಹಾಕಿಸಿದರೆಂದು ನೀವು ಊಹಿಸಿದ್ದರೆ ನಿಮಗೆ ವ್ಯವಹಾರ ಜ್ಞಾನ ಕಡಿಮೆ. ಕಿಟಕಿಗಳಿಗೆ ಸರಳು ಹಾಕಿಸಿದರು. ಇಂದಿಗೂ ಯಾವುದೇ ಕಂಪನಿಯ ಸುರಕ್ಷತಾ ಕೈಪಿಡಿ ತೆರೆದಾಗ ನನಗೆ ಮೊದಲು ಕಾಣುವುದು ಆ ಸರಳು. ಹೆಲ್ಮೆಟ್ ಧರಿಸಿ, ಮಾಸ್ಕ್ ಧರಿಸಿ, ಬೋರ್ಡ್ ಓದಿ, ಸಹಿ ಮಾಡಿ. ಗಾಳಿಯ ವಿಷಯ ಮುಂದಿನ ಬಜೆಟ್‌ನಲ್ಲಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಗೆ ಹತ್ತಿ ಸಿಗದೆ ವಿಸ್ಕೋಸ್ ಮೇಲೆಯೇ ಬಟ್ಟೆಯ ಭಾರ ಬಿತ್ತು. ಪ್ಯಾರಿಸ್ಸಿನ ಕಲಾ ಇತಿಹಾಸಕಾರ್ತಿ, ನಾಜಿ ವಿರೋಧಿ ಹೋರಾಟಗಾರ್ತಿ ಆಗ್ನೆಸ್ ಹ್ಯೂಂಬೇರ್‌ಳನ್ನು ಸೆರೆಹಿಡಿದು ಕ್ರೆಫೆಲ್ಡ್ ಊರಿನ ವಿಸ್ಕೋಸ್ ಕಾರ್ಖಾನೆಯಲ್ಲಿ ಜೀತಕ್ಕೆ ಹಾಕಿದ್ದರು. ಆಮ್ಲಕ್ಕೆ ಬೆಂದ ಕೈ, ಕಣ್ಣು ಬಿಡಲಾಗದೆ ನರಳುವ ಹೆಂಗಸರು, ಇದೆಲ್ಲ 1946ರಲ್ಲಿ ಪ್ರಕಟವಾದ ಅವಳ ಪುಸ್ತಕದಲ್ಲಿದೆ. ಹೈಡ್ರೋಜನ್ ಸಲ್ಫೈಡ್ ಮೊದಲು ಹಿಡಿಯುವುದೇ ಕಣ್ಣಿನ ಮೇಲ್ಪದರವನ್ನು. ಜೀತದಾಳಿಗೆ ಬಂದ ಕಣ್ಣುನೋವು ಮತ್ತು ಪಗಾರದ ಆಳಿಗೆ ಬಂದ ಕಣ್ಣುನೋವು, ಇವೆರಡರ ನಡುವೆ ವೈದ್ಯಕೀಯವಾಗಿ ಯಾವ ವ್ಯತ್ಯಾಸವೂ ಇಲ್ಲ.

1960ರ ದಶಕದ ಕೊನೆಗೆ ಬ್ರಿಟನ್ನಿನ, ಫಿನ್ಲೆಂಡಿನ ವೈದ್ಯರು ಇನ್ನೊಂದನ್ನು ಪತ್ತೆ ಮಾಡಿದರು. ಹುಚ್ಚು ಹಿಡಿಸುವಷ್ಟು ದಟ್ಟವಲ್ಲದ ಗಾಳಿಯೂ ವರ್ಷಗಟ್ಟಲೆ ಉಸಿರಾಡಿದವರ ಹೃದಯವನ್ನು ಕೆಡಿಸುತ್ತದೆ. ಫಿನ್ಲೆಂಡಿನಲ್ಲಿ ಗಾಳಿಯ ಮಿತಿ ಬಿಗಿ ಮಾಡಿ, ಅಪಾಯದಲ್ಲಿದ್ದವರನ್ನು ಬೇರೆ ಕೆಲಸಕ್ಕೆ ಹಾಕಿದ ಮೇಲೆ ಆ ಹೆಚ್ಚುವರಿ ಸಾವುಗಳು ಇಳಿದವು. ಪವಾಡವೇನಲ್ಲ, ಫ್ಯಾನು ಮತ್ತು ಮನಸ್ಸು.

ಈಗ ಬೇರೆ ನೂಲುಗಳ ಕಡೆ ತಿರುಗಿ. ಅಸಿಟೇಟ್ ನೂಲು ತೆಗೆಯಲು ಅಸಿಟೋನ್ ಬೇಕು, 1 ಕೆಜಿ ನೂಲಿಗೆ ಸುಮಾರು 3 ಕೆಜಿ. ಅದು ಗಾಳಿಗೆ ಹೋದರೆ ಕಂಪನಿಯೂ ಅದರ ಹಿಂದೆಯೇ ಹೋಗುತ್ತದೆ. ಹಾಗಾಗಿ ನೂಲುವ ಗೋಪುರದಿಂದ ಬಂದ ಗಾಳಿಯನ್ನೆಲ್ಲ ಹೀರಿ, ಇದ್ದಿಲಿನ ಹಾಸಿನ ಮೇಲೆ ಹಾಯಿಸಿ, ಹಬೆ ಕೊಟ್ಟು, ಬಟ್ಟಿ ಇಳಿಸಿ, ಹನಿಹನಿಯಾಗಿ ವಾಪಸ್ ತರುತ್ತಾರೆ. ಲಯೋಸೆಲ್ ಎಂಬ ಹೊಸಬನನ್ನು ನೋಡಿ. 1992ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕೋರ್ಟಾಲ್ಡ್ಸ್ ಕಂಪನಿ ಇದರ ದೊಡ್ಡ ಪ್ರಮಾಣದ ತಯಾರಿಕೆ ಆರಂಭಿಸಿತು. ಅದೇ ಮರದ ತಿರುಳು, ಆದರೆ ಕರಗಿಸುವುದು ಎನ್‌ಎಂಎಂಒ ಎಂಬ ದ್ರಾವಕದಲ್ಲಿ. ಬಲು ದುಬಾರಿ ಸಾಮಾನು. ತೊಳೆದ ನೀರಿನಿಂದ ಅದನ್ನು ಶೇ 99ಕ್ಕೂ ಹೆಚ್ಚು ಮರಳಿ ಪಡೆಯುತ್ತಾರೆ. ಬ್ರೋಷರಿನಲ್ಲಿ ಇದಕ್ಕೆ ‘ಪರಿಸರ ಪ್ರೇಮ’ ಎಂದು ಹೆಸರು, ಅಕೌಂಟೆಂಟರ ಕೋಣೆಯಲ್ಲಿ ಬೇರೆ ಹೆಸರು.

ಕಾರ್ಬನ್ ಡೈಸಲ್ಫೈಡ್‌ನ ಜಾತಕದಲ್ಲಿರುವ ದೋಷ ಇದೊಂದೇ: ಅದು ಅಗ್ಗ. ಹಿಂದೆ ಇದ್ದಿಲು ಮತ್ತು ಗಂಧಕದಿಂದ ಮಾಡುತ್ತಿದ್ದರು, ಈಗ ನೈಸರ್ಗಿಕ ಅನಿಲ ಮತ್ತು ಗಂಧಕದಿಂದ. ಗಾಳಿಗೆ ಹೋದ ತೆಳು ಆವಿಯನ್ನು ಹಿಡಿಯುವ ಯಂತ್ರದ ಖರ್ಚಿಗಿಂತ ಹೊಸದನ್ನು ಕೊಳ್ಳುವುದು ಎಷ್ಟೋ ದಶಕ ಸಲೀಸಾಗಿತ್ತು. ಹಿಡಿಯುವ ವಿದ್ಯೆ ಇರಲಿಲ್ಲವೇ? ಇತ್ತು, ಇದೆ. ಯಂತ್ರಕ್ಕೆ ಬಿಗಿಯಾದ ಮುಚ್ಚಳ, ಇದ್ದಿಲಿನ ಹಾಸು, ಉಳಿದದ್ದನ್ನು ಸುಟ್ಟು ಗಂಧಕಾಮ್ಲ ಮಾಡಿ ಅದೇ ತೊಟ್ಟಿಗೆ ಸುರಿಯುವುದು. ಒಳ್ಳೆಯ ಕಾರ್ಖಾನೆಗಳು ಇಂದು ಇದನ್ನೆಲ್ಲ ಮಾಡುತ್ತವೆ. ಅವು ಮಾಡುತ್ತವೆಂಬುದೇ ಮಾಡದವರ ಮೇಲಿನ ದೋಷಾರೋಪಪಟ್ಟಿ. ಎಳೆಗೆ ಬೆಲೆಯಿದೆ, ಅಸಿಟೋನಿಗೆ ಬೆಲೆಯಿದೆ, ಶ್ವಾಸಕೋಶಕ್ಕೆ ಲೆಡ್ಜರಿನಲ್ಲಿ ಕಾಲಂ ಇಲ್ಲ.

ಕಾನೂನು ಇಲ್ಲವೇ ಎನ್ನುತ್ತೀರಿ. ಧಾರಾಳವಾಗಿದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಕಾನೂನಿನ ಪ್ರಕಾರ ಎಂಟು ಗಂಟೆ ಪಾಳಿಯ ಸರಾಸರಿಯಲ್ಲಿ 20 ಪಿಪಿಎಂ ಕಾರ್ಬನ್ ಡೈಸಲ್ಫೈಡ್ ಇದ್ದರೆ ತಪ್ಪಿಲ್ಲ. ಅದೇ ದೇಶದ ಸರ್ಕಾರಿ ಸಂಶೋಧನಾ ಸಂಸ್ಥೆ ನಿಯೋಷ್ ಹೇಳುವ ಮಿತಿ 1 ಪಿಪಿಎಂ. ಕಾರ್ಮಿಕನ ಒಂದು ಶ್ವಾಸಕೋಶ ಕಾನೂನಿಗೆ, ಇನ್ನೊಂದು ವಿಜ್ಞಾನಕ್ಕೆ ಎಂದು ಹಂಚಿಕೊಂಡಿರಬೇಕು. ನಮ್ಮ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲೂ ಕಾರ್ಬನ್ ಡೈಸಲ್ಫೈಡ್ ವಿಷಬಾಧೆಯ ಹೆಸರಿತ್ತು. ಅಂಥ ರೋಗಿಯನ್ನು ಕಂಡ ವೈದ್ಯ ಸರ್ಕಾರಕ್ಕೆ ತಿಳಿಸಲೇಬೇಕು. ಆದರೆ ಕೈ ಜೋಮು ಹಿಡಿಯುತ್ತದೆ, ನಿದ್ದೆ ಬರುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದು ಬಂದವನನ್ನು ‘ಏನು ಕೆಲಸ ಮಾಡ್ತೀಯಪ್ಪಾ?’ ಎಂದು ಕೇಳುವ ವೈದ್ಯರು ಮೊದಲು ಸಿಗಬೇಕು. ‘ಕುಡೀತೀಯಾ?’ ಎಂದು ಕೇಳುವವರು ಎಲ್ಲೆಡೆ ಸಿಗುತ್ತಾರೆ. ಮೂಗನ್ನಾದರೂ ನಂಬೋಣವೆಂದರೆ, ಹೈಡ್ರೋಜನ್ ಸಲ್ಫೈಡ್ ಅಪಾಯದ ಮಟ್ಟಕ್ಕೆ ಏರಿದಾಗ ವಾಸನೆ ಹಿಡಿಯುವ ಶಕ್ತಿಯೇ ಸತ್ತುಹೋಗುತ್ತದೆ. ‘ಈಗ ನಾತ ಇಲ್ಲ ಸಾರ್’ ಎಂಬುದು ಮೇಲ್ವಿಚಾರಕರಿಗೆ ಶುಭ ಸಮಾಚಾರ.

ಬಿದಿರಿನ ಬಟ್ಟೆ ಹೊಸ ಫ್ಯಾಷನ್ ಎಂದುಕೊಂಡವರಿಗೆ ಒಂದು ಮಾಹಿತಿ. 1960ರ ದಶಕದಲ್ಲೇ ಕೇರಳದ ಮಾವೂರಿನಲ್ಲಿ, ಚಾಲಿಯಾರ್ ನದಿಯ ದಡದಲ್ಲಿ, ಬಿದಿರಿನಿಂದ ರೇಯಾನ್ ತಿರುಳು ತೆಗೆಯುವ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆ ಬಂದಿತ್ತು. ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ 1 ರೂಪಾಯಿಯಂತೆ. ಹೌದು, ಟನ್ನಿಗೆ. ಪಾಂಡಾ ಚಿತ್ರ ಆಗಿನ್ನೂ ಬಂದಿರಲಿಲ್ಲ, ಇದ್ದಿದ್ದರೆ ಇನ್ನೂ ಕಡಿಮೆಗೆ ಕೊಡುತ್ತಿದ್ದರೋ ಏನೋ. ಚಾಲಿಯಾರ್‌ನ ನೀರಿಗಾಗಿ ವರ್ಷಗಟ್ಟಲೆ ಹೋರಾಡಿದ ಕೆ.ಎ. ರೆಹಮಾನ್ 1999ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಕಾರ್ಖಾನೆಯೂ ಆಮೇಲೆ ಬಾಗಿಲು ಹಾಕಿತು.

ನಮ್ಮ ತುಂಗಭದ್ರೆಗೂ ಈ ಭಾಗ್ಯ ತಪ್ಪಲಿಲ್ಲ. 1970ರ ದಶಕದಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಕಾರ್ಖಾನೆ ಬಂತು, ನೀಲಗಿರಿಯಿಂದ ತಿರುಳು, ತಿರುಳಿನಿಂದ ನೂಲು. 80ರ ದಶಕದಲ್ಲಿ ಹೊಳೆಯಲ್ಲಿ ಮೀನು ಸತ್ತು ತೇಲಿದಾಗ ದಡದ ಹಳ್ಳಿಯವರು, ಮೀನುಗಾರರು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಬೀದಿಗಿಳಿದರು. ಇತ್ತ ಕಾರ್ಖಾನೆಗೆ ನೀಲಗಿರಿ ಬೆಳೆಸಿಕೊಡಲು ಸರ್ಕಾರವೇ ಪಾಲುದಾರನಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಗೋಮಾಳ, ಕುರುಚಲು ಭೂಮಿಯನ್ನು ಅದಕ್ಕೆ ಬಿಟ್ಟುಕೊಡಲು ಹೊರಟಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದು ಅದರ ಹೆಸರು. 1991ರಲ್ಲಿ ಆ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಸರ್ಕಾರವೊಂದು ತನ್ನ ಪಾಲುದಾರಿಕೆಯಿಂದ ಕಾಲ್ತೆಗೆದದ್ದು ನಮ್ಮ ಕಡೆ ಅಪರೂಪದ ಘಟನೆ, ಅದಕ್ಕಾದರೂ ಒಂದು ಫಲಕ ಹಾಕಿಸಬಹುದು.

ಮೈಲಿಗೆಯ ದೇಶಾಂತರ ಪ್ರಯಾಣ ನೋಡಬೇಕಾದರೆ ಮಾತ್ರ ದಕ್ಷಿಣ ಕೊರಿಯಾಕ್ಕೇ ಹೋಗಬೇಕು. ಜಪಾನಿನಲ್ಲಿ ಬಳಸಿ ಹಳತಾದ ವಿಸ್ಕೋಸ್ ಯಂತ್ರಗಳನ್ನು 1960ರ ದಶಕದಲ್ಲಿ ಕೊರಿಯಾದವರು ಕೊಂಡರು. ಕಾರ್ಖಾನೆಗೆ ಮುಂದೆ ವೊಂಜಿನ್ ರೇಯಾನ್ ಎಂದು ಹೆಸರಾಯಿತು. 1980ರ ದಶಕದ ಕೊನೆಗೆ ಕಾರ್ಮಿಕರ ಕಾಯಿಲೆ ಪತ್ರಿಕೆಗಳಿಗೆ ಬಂತು. 1991ರಲ್ಲಿ ಸತ್ತ ಕಾರ್ಮಿಕನೊಬ್ಬನ ಕಾಯಿಲೆಯನ್ನು ವೃತ್ತಿಯಿಂದ ಬಂದದ್ದೆಂದು ಒಪ್ಪುವವರೆಗೆ ಮಣ್ಣು ಮಾಡುವುದಿಲ್ಲವೆಂದು ಅವನ ಸಂಗಾತಿಗಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಪಟ್ಟು ಹಿಡಿದು ಕೂತರು. ವಿಷಬಾಧೆ ದೃಢಪಟ್ಟವರು ನೂರಾರು ಮಂದಿ. 1993ರಲ್ಲಿ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನು ಗುಜರಿಗೆ ಹಾಕಿದರೆಂದು ಯಾರಾದರೂ ತಿಳಿದಾರು. ಚೀನಾದ ದಾನ್‌ದೋಂಗ್‌ಗೆ ಮಾರಿದರು! ಕಾರ್ಮಿಕನಿಗೆ ವೀಸಾ ಸಿಗದ ಕಾಲದಲ್ಲೂ ಅವನನ್ನು ಕೊಂದ ಯಂತ್ರಕ್ಕೆ ಎಲ್ಲ ಗಡಿಗಳಲ್ಲೂ ರತ್ನಗಂಬಳಿ. ಪರಿಹಾರದ ಹಣದಿಂದ ವೊಂಜಿನ್‌ನ ಸಂತ್ರಸ್ತರು ಕಟ್ಟಿಸಿದ ಆಸ್ಪತ್ರೆಯೊಂದು 2003ರಲ್ಲಿ ಸೋಲ್ ನಗರದಲ್ಲಿ ಆರಂಭವಾಯಿತು.

ಗ್ರಾಹಕರಿಗೆ ಸರ್ಟಿಫಿಕೇಟ್ ಎಂಬ ಅಭಯಹಸ್ತವೂ ಇದೆ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಚೀಟಿ ಬಟ್ಟೆಯ ಮೇಲೆ ನೇತಾಡುವುದನ್ನು ನೋಡಿರುತ್ತೀರಿ. ಅದು ಪರೀಕ್ಷಿಸುವುದು ಬಟ್ಟೆಯನ್ನು, ಅಂದರೆ ನಿಮ್ಮ ಚರ್ಮಕ್ಕೆ ತಗಲುವುದರಲ್ಲಿ ಹಾನಿಕಾರಕ ರಾಸಾಯನಿಕ ಉಳಿದಿದೆಯೇ ಎಂದು. ಒಳ್ಳೆಯದೇ. ಕಾರ್ಖಾನೆಯ ಪರಿಸ್ಥಿತಿಯನ್ನು ನೋಡಲು ಅದೇ ಸಂಸ್ಥೆಯ ಇನ್ನೊಂದು ಪ್ರಮಾಣಪತ್ರವಿದೆ, ಅಂಗಡಿಯಲ್ಲಿ ಅದನ್ನು ಕೇಳಿದವರನ್ನು ನಾನಂತೂ ಕಂಡಿಲ್ಲ. ಉಟ್ಟವರಿಗೆ ತುರಿಕೆ ಬಾರದಿದ್ದರೆ ಆಯಿತು, ಮಡಿ ಕೆಟ್ಟಿಲ್ಲ.

ಬಿದಿರಿನ ಬೊಗಳೆಗಾದರೂ ಒಂದಿಷ್ಟು ದಂಡ ಬಿದ್ದಿದೆ. ರೇಯಾನ್ ಅನ್ನು ಬಿದಿರು ಎಂದು ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಅಮೆಜಾನ್ ಸೇರಿದಂತೆ ನಾಲ್ಕು ಮಾರಾಟ ಸಂಸ್ಥೆಗಳಿಂದ 12.6 ಲಕ್ಷ ಡಾಲರ್ ವಸೂಲಿ ಮಾಡಿತು. 2022ರಲ್ಲಿ ವಾಲ್‌ಮಾರ್ಟ್ ಮತ್ತು ಕೋಲ್ಸ್ ಕಂಪನಿಗಳ ಸರದಿ, ಒಟ್ಟು 55 ಲಕ್ಷ ಡಾಲರ್. ಗಮನಿಸಿ, ದಂಡ ಬಿದ್ದದ್ದು ಕೊಂಡವರಿಗೆ ಸುಳ್ಳು ಹೇಳಿದ್ದಕ್ಕೆ ಮತ್ತು ‘ಪರಿಸರಸ್ನೇಹಿ’ ಎಂದು ಹೇಳಿಕೊಂಡದ್ದಕ್ಕೆ. ನೂಲು ತೆಗೆದವರ ಉಸಿರು ಆ ಮೊಕದ್ದಮೆಗಳ ವಿಷಯವೇ ಆಗಿರಲಿಲ್ಲ.

ಇನ್ನು ಮುಂದೆ ಬಟ್ಟೆ ಕೊಳ್ಳುವಾಗ ಪೆಟ್ಟಿಗೆಯ ಚಿತ್ರ ಬಿಟ್ಟು, ಕತ್ತಿನ ಹಿಂದೆ ಹೊಲಿದಿರುವ ಸಣ್ಣ ಚೀಟಿ ಓದಿ. ವಿಸ್ಕೋಸ್, ರೇಯಾನ್, ಮೋಡಲ್ ಎಂದಿದ್ದರೆ ಅದು ಕಾರ್ಬನ್ ಡೈಸಲ್ಫೈಡ್ ಹಾದು ಬಂದದ್ದು. ಬರೀ ಬಿದಿರು ಎಂದಿದ್ದರೂ ಬಹುತೇಕ ಅದೇ. ಲಯೋಸೆಲ್ ಎಂದಿದ್ದರೆ ಅಲ್ಲ. ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ, ಬೇಸಿಗೆಗೆ ಅದರಷ್ಟು ತಂಪಾದ ಅಗ್ಗದ ಬಟ್ಟೆ ಇನ್ನೊಂದಿಲ್ಲ. ಆದರೆ ನೂಲಿನಿಂದ ತೆಗೆದದ್ದನ್ನು ಎಲ್ಲಿ ಬಿಟ್ಟಿರಿ ಎಂದು ಕಂಪನಿಗೆ ಒಂದು ಇಮೇಲ್ ಬರೆಯಿರಿ. ಪಾಂಡಾ ಬಗ್ಗೆ ಎರಡು ಪುಟ ಉತ್ತರ ಬಂದರೆ, ಮತ್ತೆ ಬರೆಯಿರಿ.